ಹಂಚಿನ ಮನೆಯ ಮಾಡು ರಿಪೇರಿಗೆ ದುಡ್ಡು ಹೇಗೆ ಹೊಂದಿಸಿದಿರಿ?

ಸಾಗರದ ಹತ್ತಿರದಿಂದ: ಅಜ್ಜನ ಕಾಲದ ಹಂಚಿನ ಮನೆ. ಅಡುಗೆಮನೆ ಮೇಲಿನ ಪಕಾಸು (ಮಾಡಿನ ಇಳಿಜಾರಿನ ಮರ) ಒರಲೆ ಹಿಡಿದು ಬಾಗಿದೆ. ಮೂರು ಲಕ್ಷ ಸಾಲ ಬೇಕಾಗಬಹುದು. ಪರ್ಸನಲ್ ಲೋನ್‌ನವರು ದಿನಾ ಫೋನ್ ಮಾಡ್ತಾರೆ, ‘10 ಪರ್ಸೆಂಟ್ ಫ್ಲಾಟ್, ಮೂರು ವರ್ಷ’ ಅಂತೆ. ಎರಡು ಎಕರೆ ಅಡಿಕೆ ಬಿಟ್ಟರೆ ಬೇರೆ ಆದಾಯ ಇಲ್ಲ. ಮಾಡಿಸಿದವರು ಹೇಳಿ.

ತೀರ್ಥಹಳ್ಳಿ ಕಡೆಯಿಂದ: ಫ್ಲಾಟ್ ಅಂದ ಕೂಡಲೇ ಫೋನ್ ಇಡಿ. ಮೂರು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 90,000, ತಿಂಗಳ ಕಂತು 10,833. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೇ ಕಂತಿನವರೆಗೂ ಪೂರ್ತಿ ಮೂರು ಲಕ್ಷದ ಮೇಲೇ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ 18 ಪರ್ಸೆಂಟ್ ಬೀಳುತ್ತದೆ.

ಇನ್ನು ಮೂರು ಲಕ್ಷ ಅಂತ ಹೇಳಿದ್ದು ಯಾರು? ನಮ್ಮನೆಗೆ ಮೊದಲು ಬಂದ ಗುತ್ತಿಗೆದಾರರು ಅಂಗಳದಲ್ಲೇ ನಿಂತು ನೋಡಿ, ‘ಎಲ್ಲಾ ಕಿತ್ತು ಕಬ್ಬಿಣದ ಪೈಪು, ಶೀಟು ಹಾಕಿ’ ಎಂದು ಐದು ಲಕ್ಷ ಹೇಳಿದರು. ಆಮೇಲೆ ಊರಿನ ಹಳೇ ಬಡಗಿಯನ್ನು ಕರೆಸಿದೆ. ಅವರು ಏಣಿ ಹತ್ತಿ, ನಾಲ್ಕು ಹಂಚು ಸರಿಸಿ, ಉಳಿಯ ತುದಿಯಿಂದ ಒಂದೊಂದು ಪಕಾಸನ್ನೂ ಚುಚ್ಚುತ್ತಾ ಹೋದರು. ಗೋಡೆ ತಾಗುವ ಕಡೆ ಮರ ರವೆ ಹಾಗೆ ಉದುರಿತು. ಅಲ್ಲಿಂದ ಮೊಳ ಮೇಲೆ ಉಳಿ ಇಳಿಯಲೇ ಇಲ್ಲ. ಕೊನೆಗೆ 46 ಪಕಾಸಿನಲ್ಲಿ ಬದಲಿಸಿದ್ದು 17, ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಪೂರ್ತಿ ಹೊಸದು. ಒಂದು ಮುಕ್ಕಾಲು ಲಕ್ಷಕ್ಕೆ ಮುಗಿಯಿತು. ಹಂಚು ಹಳೇದೇ, ಒಂದೊಂದನ್ನೇ ತಟ್ಟಿ ನೋಡಿ ಇಳಿಸಿದೆವು. ಠಣ್ ಅಂದರೆ ಇಟ್ಟುಕೊಳ್ಳಿ, ಒಡಕು ಸದ್ದು ಬಂದರೆ ಸೀಳು ಬಿಟ್ಟಿದೆ ಅಂತ. ಬಾಸೆಲ್ ಮಿಷನ್ ಅಚ್ಚಿನವು ಸಿಕ್ಕರಂತೂ ಯಾರಿಗೂ ಕೊಡಬೇಡಿ. ಮಂಗಳೂರಿನ ಆ ಕಾರ್ಖಾನೆ 1865ರಷ್ಟು ಹಳೇದು, ಹಂಚು ಈಗಲೂ ಗಟ್ಟಿ.

ದುಡ್ಡಿಗೆ ಅಮ್ಮನ ಚಿನ್ನದ ಅವಲಕ್ಕಿ ಸರ ಸಹಕಾರ ಸಂಘದಲ್ಲಿ ಅಡವಿಟ್ಟೆವು. ತಿಂಗಳ ಕಂತಿಲ್ಲ, ವರ್ಷದೊಳಗೆ ಒಟ್ಟಿಗೆ ಕಟ್ಟುವುದು. ಅಡಿಕೆ ಮಾರಿದ ದಿನವೇ ಬಿಡಿಸಿಕೊಂಡು ಬಂದೆ.

ಶಿರಸಿಯಿಂದ: ‘ಒಟ್ಟಿಗೆ ಕಟ್ಟುವುದು’ ಕೇಳಲು ಸಲೀಸು. ಅಡಿಕೆಗೆ ಕೊಳೆರೋಗ ಬಂದ ವರ್ಷ ನಾವು ಬಡ್ಡಿಯಷ್ಟೇ ಕಟ್ಟಿ ನವೀಕರಿಸಿದೆವು, ಮರುವರ್ಷ ಅದೂ ಆಗಲಿಲ್ಲ. ಹರಾಜಿನ ನೋಟಿಸು ಬಂದಾಗ ಮನೆಯಲ್ಲಿ ಹೇಳಲಾಗದೆ ಎರಡು ದಿನ ಅಂಗಿ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದೇನೆ. ಇನ್ನೊಂದು: ಬೆಳೆಸಾಲ ಎತ್ತಿ ಮಾಡಿಗೆ ಹಾಕಬೇಡಿ. ಸೊನ್ನೆ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ.

ಮೈಸೂರಿನಿಂದ: ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದೆ, ಈಗ ನಿವೃತ್ತಿ. ಮನೆ ರಿಪೇರಿಗೆಂದೇ ಗೃಹಸಾಲ ಸಿಗುತ್ತದೆ. ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಋಣಭಾರ ಪತ್ರ, ಕಂದಾಯ ಕಟ್ಟಿದ ರಸೀದಿ, ಎಂಜಿನಿಯರ್ ಎಸ್ಟಿಮೇಟ್ ಕೇಳುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳು ತೋಟದ ಸರ್ವೆ ನಂಬರಿನಲ್ಲೇ ಇರುತ್ತವೆ, ಕಾಗದದಲ್ಲಿ ಅದು ಕೃಷಿ ಜಮೀನು, ಫೈಲು ನಿಲ್ಲುವುದೇ ಅಲ್ಲಿ. ಕಾಗದ ಸರಿ ಇದ್ದರೆ ಬಿಡಬೇಡಿ. ಮೂರು ಲಕ್ಷಕ್ಕೆ ಐದು ವರ್ಷ, 9 ಪರ್ಸೆಂಟ್ ಆದರೆ ಕಂತು ಸುಮಾರು 6,228. ಅದೇ ಪರ್ಸನಲ್ ಲೋನ್ 14 ಅಂದರೆ 6,980. ಒಟ್ಟು 45,000 ವ್ಯತ್ಯಾಸ, ಅದರಲ್ಲಿ ರೀಪಿನ ಖರ್ಚೇ ಬರುತ್ತದೆ. ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವ ಬಡ್ಡಿಯದ್ದನ್ನೇ ಕೇಳಿ. ಅಡಿಕೆ ದುಡ್ಡು ಬಂದಾಗ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಮನೆಯಲ್ಲಿ ಯಾರಾದರೂ ತೆರಿಗೆ ಕಟ್ಟುವವರಿದ್ದು, ಸಾಲ ಅವರ ಹೆಸರಲ್ಲಿ, ಮನೆಯೂ ಅವರದ್ದಾದರೆ ಹಳೇ ತೆರಿಗೆ ಪದ್ಧತಿಯಲ್ಲಿ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000ದವರೆಗೆ ವಿನಾಯಿತಿ ಉಂಟು.

ಸಾಗರದವರು ಮತ್ತೆ: ನಮ್ಮದೂ ತೋಟದ ಸರ್ವೆ ನಂಬರೇ, ಹಾಗಾಗಿ ಬ್ಯಾಂಕಿನ ಆಸೆ ಇಲ್ಲ. ನಿನ್ನೆ ನಾನೇ ಹತ್ತಿ ಎರಡು ಹಂಚು ಸರಿಸಿದೆ. ಒಲೆಯ ನೇರಕ್ಕಿರುವ ಪಕಾಸುಗಳು ಹೊಗೆ ಹಿಡಿದು ಕಪ್ಪಾಗಿವೆ, ಆದರೆ ಗಟ್ಟಿ ಇವೆ. ಬಚ್ಚಲ ಕಡೆಯ ಆರು ಮಾತ್ರ ಹೋಗಿವೆ. ಬಡಗಿ ಭಾನುವಾರ ಬರ್ತಾರೆ. ತೀರ್ಥಹಳ್ಳಿಯವರೇ, ಪಕಾಸಿಗೆ ಯಾವ ಮರ ಹಾಕಿಸಿದಿರಿ?

ತೀರ್ಥಹಳ್ಳಿ ಕಡೆಯಿಂದ: ತೋಟದಂಚಿನ ಹಲಸು. ಕೊಯ್ಸಿ ಎರಡು ವರ್ಷ ಕೊಟ್ಟಿಗೆ ಅಟ್ಟದಲ್ಲಿ ಒಣಗಿತ್ತು. ಹಸಿ ಮರ ಹಾಕಿಸಬೇಡಿ, ಸೊಟ್ಟಗಾಗಿ ಹಂಚು ಕೂರುವುದಿಲ್ಲ.