ಅಪ್‌ಡೇಟ್: ಚಿತ್ರದುರ್ಗದಿಂದ ಆಲ್ಫಾ ಸೆಂಟಾರಿ ಎರಡಾಗಿ ಕಾಣಿಸಿತು!

ಬರಿಗಣ್ಣಿಗೆ ಒಂದೇ ನಕ್ಷತ್ರವಾಗಿ ಕಾಣುವ ಆಲ್ಫಾ ಸೆಂಟಾರಿ ನಿಜಕ್ಕೂ ಮೂರು ನಕ್ಷತ್ರಗಳ ಗುಂಪು, ಅದರಲ್ಲಿ ಎರಡು ಜೋಡಿ. ಸಣ್ಣ ಟೆಲಿಸ್ಕೋಪಿನಲ್ಲಿ ಅದು ಒಂದೇ ಚುಕ್ಕಿಯಾಗಿ ನಡುಗುತ್ತಿದೆ, ಜೋಡಿ ಬೇರೆಯಾಗಿ ಕಾಣೋದು ಹೇಗೆ ಅಂತ ಕೇಳಿದ್ದೆನಲ್ಲ? ನಿನ್ನೆ ರಾತ್ರಿ ಕಂಡಿತು!

ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಬದಲಿಸಿ ಜಾಸ್ತಿ ದೊಡ್ಡದು ಮಾಡಿದರೆ ನಡುಕವೂ ದೊಡ್ಡದಾಯಿತು, ಅಷ್ಟೇ. ಫಲ ಕೊಟ್ಟಿದ್ದು 'ನೇರ ದಕ್ಷಿಣಕ್ಕೆ ಬರುವವರೆಗೆ ಕಾಯಿರಿ' ಅಂದವರ ಮಾತು. ಆಗಲೇ ಅದು ಅತಿ ಎತ್ತರದಲ್ಲಿರೋದು, ನಡುಕವೂ ಕಡಿಮೆ. ನಮ್ಮಲ್ಲಿ ಅದು ದಿಗಂತದಿಂದ ಏರುವುದೇ ಸುಮಾರು 15 ಡಿಗ್ರಿ, ಮೇ ಕೊನೆಗೆ ರಾತ್ರಿ 10:30ರ ಹೊತ್ತಿಗೆ. ಮಾಳಿಗೆಯ ಕಾವು ಬಿಟ್ಟು ಹೊಲದಲ್ಲಿ ಇಟ್ಟಿದ್ದೂ ಅನುಕೂಲವಾಯಿತು. ಎರಡು ಹಳದಿ ಚುಕ್ಕಿ, ಒಂದು ಸ್ವಲ್ಪ ಮಂಕು, ನಡುವೆ ಕೂದಲೆಳೆಯಷ್ಟು ಕಪ್ಪು. ಎಷ್ಟು ಚೆಂದ!

ಆಶ್ಚರ್ಯ ಅಂದರೆ ಈ ಗುಂಪಿನ ಮೂರನೆಯ ನಕ್ಷತ್ರ, ಪ್ರಾಕ್ಸಿಮಾ. ಅದು ಪಕ್ಕದಲ್ಲಿಲ್ಲ, 2 ಡಿಗ್ರಿ ಆಚೆ ಇದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ, 4.24 ಜ್ಯೋತಿರ್ವರ್ಷ. ಆದರೂ ಬರಿಗಣ್ಣಿಗೆ ಕಾಣಲ್ಲ. 1915ರವರೆಗೆ ಯಾರಿಗೂ ಗೊತ್ತೇ ಇರಲಿಲ್ಲ!