ಮಳೆ ಬಂದರೆ ಟ್ರಿಪ್: 230 ವೋಲ್ಟಿಗೆ 2 ಮಿಮೀ ಸಾಲಲ್ವಾ?

ಮಾಟುಂಗಾ ಮಿಸ್ತ್ರಿ:
ಇಲ್ಲಿನ ಒಂದು ಹೋಟೆಲಿನ ಗ್ರೈಂಡರಿಗೆ ಟೈಮರ್ ಡಬ್ಬಿ ಮಾಡಿಕೊಟ್ಟಿದ್ದೆ. ಸ್ಟೀಲ್ ಡಬ್ಬಿ. ಹಿಂದೆ ಕಂಪ್ಯೂಟರಿಗೆ ಇರುವಂಥದೇ ಮೂರು ಪಿನ್ನಿನ ಸಿ14 ಇನ್‌ಲೆಟ್, ನೇರ ಬೋರ್ಡಿಗೇ ಬೆಸುಗೆ. ಬೇಸಿಗೆಯಿಡೀ ತೊಂದರೆ ಇರಲಿಲ್ಲ. ಜೂನ್ ಮಳೆ ಹಿಡಿದದ್ದೇ ತಡ, ಬೆಳಿಗ್ಗೆ 5ಕ್ಕೆ ಸ್ವಿಚ್ ಹಾಕಿದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಟಪ್ ಅಂತ ಬೀಳುತ್ತದೆ. ಮಧ್ಯಾಹ್ನ ಏನೂ ಇಲ್ಲ!

ಬಿಚ್ಚಿ ನೋಡಿದೆ. ಬೋರ್ಡಿನ ತಾಮ್ರದ ಪಟ್ಟಿಗಳಲ್ಲಿ, ಲೈವ್ ಟ್ರ್ಯಾಕಿನಿಂದ ಅರ್ತ್ ಟ್ರ್ಯಾಕಿಗೆ ಕೂದಲೆಳೆಯಂಥ ಕಪ್ಪು ಗೆರೆ, ಸುತ್ತ ಒಣಗಿದ ಹಿಟ್ಟಿನ ಪುಡಿ. ವರ್ನಿಯರ್ ಹಿಡಿದರೆ ಅಂತರ 2 ಮಿಮೀ. ಗಾಳಿ ಒಡೆಯೋಕೆ ಮಿಲಿಮೀಟರಿಗೆ ಸುಮಾರು 3000 ವೋಲ್ಟ್ ಬೇಕು ಅಂತಾರೆ. ಹಾಗಿದ್ದರೆ 2 ಮಿಮೀ ಧಾರಾಳ ಅಲ್ವಾ? ನಡುವೆ ಬ್ಲೇಡಿನಲ್ಲಿ ಸೀಳು ಕೊಯ್ದರೆ ಸಾಕಾ?

ಭೋಸರಿ ಬೋರ್ಡು:
ಮಿಸ್ತ್ರಿಗಳೇ, ನೀವು ಹೇಳಿದ್ದು ಗಾಳಿಯ ಲೆಕ್ಕ, ಅಂದರೆ ಕ್ಲಿಯರೆನ್ಸ್. ಸೊಳ್ಳೆ ಹಾರುವ ದಾರಿ. ನಿಮ್ಮ ಕರೆಂಟು ಹರಿದದ್ದು ಇರುವೆಯ ದಾರಿಯಲ್ಲಿ, ಬೋರ್ಡಿನ ಮೈಮೇಲೆ. ಅದು ಕ್ರೀಪೇಜ್. ಐಇಸಿ 60335ರ (ಮನೆಬಳಕೆಯಂಥ ವಿದ್ಯುತ್ ಸಲಕರಣೆಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ 250 ವೋಲ್ಟಿನವರೆಗೆ, ಸಾಮಾನ್ಯ ಬೋರ್ಡಿಗೆ, ಬೇಸಿಕ್ ಇನ್ಸುಲೇಶನ್ನಿಗೆ (ಶಾಕ್ ತಡೆಯುವ ಮೊದಲ ಹಂತದ ರಕ್ಷಣೆ) ಮನೆಯ ಮಾಮೂಲಿ ಧೂಳಿನಲ್ಲೇ 2.5 ಮಿಮೀ ಬೇಕು. ಒದ್ದೆಯಾಗಿ ಕರೆಂಟ್ ಹರಿಸುವ ಕೊಳೆ ಇರುವ ಕಡೆ 4 ಮಿಮೀ. ಮಾಟುಂಗಾದ ಅಡುಗೆಮನೆ, ಮಳೆಗಾಲ, ಹಿಟ್ಟಿನ ಪುಡಿ! 4 ಅಂತಲೇ ಹಿಡಿಯಿರಿ. ಲೈವ್ ಟ್ರ್ಯಾಕಿಗೂ ಕೈ ತಾಗುವ ಕಡಿಮೆ ವೋಲ್ಟಿನ ಭಾಗಕ್ಕೂ ನಡುವೆ ಇದರ ಎರಡರಷ್ಟು, 8 ಮಿಮೀ.

ಇನ್‌ಲೆಟ್ಟಿನದು ತಪ್ಪಲ್ಲ. ಅದರ ಪಿನ್ನುಗಳ ನಡುವೆ ಜಾಗ ಇದೆ. ಅಗಲ ತಾಮ್ರದ ಟ್ರ್ಯಾಕ್ ಹಾಕುವ ಆಸೆಗೆ ಅದನ್ನು ನುಂಗಿದವರು ನೀವು. (ನಾನೂ ಒಮ್ಮೆ ನುಂಗಿದ್ದೇನೆ.) ಸೀಳು ಹೊಸ ಬೋರ್ಡಿಗೆ ಸರಿ, 1.5 ಮಿಮೀ ಅಗಲವಾದರೂ ಇರಲಿ. ಈ ಹಳೇ ಬೋರ್ಡು ಸುಟ್ಟು ಇದ್ದಿಲಾಗಿದೆ, ಒರೆಸಿದರೂ ಹೋಗಲ್ಲ. ಎಸೆಯಿರಿ.

ವಾಸ್ಕೋ ವೈರ್‌ಮನ್:
ಬೋರ್ಡಿನ ಮೇಲೆ ಇನ್‌ಲೆಟ್ ಯಾಕೆ ಬೇಕು ಮಾರಾಯ್ರೆ? ಸ್ಕ್ರೂ ಹಾಕುವಂಥದ್ದು ತಗೊಂಡು ಡಬ್ಬಿಗೇ ಕೂರಿಸಿ, ವೈರ್ ಎಳೆಯಿರಿ. ಬಾಯಿ ಕೆಳಮುಖ ಇರಲಿ, ನೀರು ನಿಲ್ಲಲ್ಲ. ಅರ್ತ್ ವೈರನ್ನು ಮೊದಲು ಡಬ್ಬಿಗೆ ಬಿಗಿಯಿರಿ. ಬೋರ್ಡಿಗೆ ವಾರ್ನಿಷ್ ಬಳಿಯುವುದಾದರೆ ತೊಳೆದು ಒಣಗಿಸಿ ಬಳಿಯಿರಿ. ನಾನು ಹಾಗೇ ಬಳಿದು ಉಪ್ಪನ್ನೂ ಒಳಗೇ ಮುಚ್ಚಿಬಿಟ್ಟಿದ್ದೆ!

ಮಾಟುಂಗಾ ಮಿಸ್ತ್ರಿ:
ಆಯ್ತು, ನಾಳೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸ್ಕ್ರೂ ಇನ್‌ಲೆಟ್ ತರುತ್ತೇನೆ. ಹೋಟೆಲಿನವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡೋಣ ಅಂತಿದ್ದರು. ಡಬ್ಬಿಯನ್ನೇ ಕಿತ್ತು ಮನೆಗೆ ತಂದಿದ್ದೇನೆ.