ಪದಚರ್ಚೆ: ‘ಗ್ರೇ’ ಪಾತ್ರ ವಿಲನ್ ‘ಆಯ್ತು’, ‘ಮಾಡಿದ್ರು’, ‘ಕೆಡಿಸಿದ್ರು’ - ಯಾವ ಕ್ರಿಯಾಪದ ಸರಿ?

ಎಲ್ಲರಿಗೂ ನಮಸ್ಕಾರ,

ಒಂದು ಮಾತು ಸಿಗದೆ ಹದಿನೈದು ದಿನದಿಂದ ಬರವಣಿಗೆ ಅಲ್ಲೇ ನಿಂತಿದೆ, ಇಲ್ಲಿ ಯಾರಿಗಾದ್ರೂ ಹೊಳೀಬಹುದು ಅಂತ ಬರೀತಾ ಇದ್ದೇನೆ. ನಾನು ಮತ್ತು ನನ್ನ ತಮ್ಮ ಸೇರಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಗೇಮಿನ ಸಿಲ್ವಾನಸ್ ಅನ್ನೋ ಪಾತ್ರದ ಕಥೆಯನ್ನ ಕನ್ನಡದಲ್ಲಿ ಹೇಳೋ ಒಂದು ವಿಡಿಯೋ ಮಾಡ್ತಾ ಇದ್ದೇವೆ. ಮಾತು ಬರೆಯೋ ಕೆಲಸ ನನ್ನದು, ಓದೋದು ಅವನು.

ಗೇಮ್ ಆಡದವರಿಗೆ ಸ್ವಲ್ಪ ಹಿನ್ನೆಲೆ. ಇದೇ ಸರಣಿಯ ಹಿಂದಿನ ಗೇಮ್ ಆದ 2002ರ ವಾರ್‌ಕ್ರಾಫ್ಟ್ 3ರಲ್ಲಿ ಇವಳು ಸಿಲ್ವರ್‌ಮೂನ್ ಅನ್ನೋ ಊರನ್ನ ಕಾಯೋ ಸೇನಾನಿ, ಆರ್ಥಾಸ್ ಅನ್ನೋ ಹಾದಿ ತಪ್ಪಿದ ರಾಜಕುಮಾರ ಅವಳನ್ನ ಕೊಂದು ಅಷ್ಟಕ್ಕೇ ಬಿಡದೆ ಪ್ರೇತ ಮಾಡಿ ತನ್ನ ಅಡಿಯಾಳಾಗಿ ದುಡಿಸ್ತಾನೆ. ಮರುವರ್ಷ ಬಂದ ಮುಂದಿನ ಭಾಗದಲ್ಲಿ ಅವನ ಹಿಡಿತ ಸಡಿಲ ಆಗ್ತದೆ, ಇವಳು ತಪ್ಪಿಸಿಕೊಂಡು ತನ್ನ ಹಾಗೇ ಸತ್ತು ಎದ್ದವರನ್ನೆಲ್ಲ ಸೇರಿಸಿ ‘ಫರ್ಸೇಕನ್’ ಅಂತ ಒಂದು ಕುಲವನ್ನೇ ಕಟ್ತಾಳೆ, ಎಲ್ಲರೂ ಕೈಬಿಟ್ಟವರು ಅಂತ ಅರ್ಥ. ಆವಾಗಲೇ ಅವಳು ಸಾಚಾ ಏನಲ್ಲ, ಊರು ವಾಪಸ್ ಕೊಡ್ತೇನೆ ಅಂತ ಗ್ಯಾರಿಥೋಸ್ ಅನ್ನೋ ಸೇನಾಧಿಪತಿಗೆ ಮಾತು ಕೊಟ್ಟು ಅವನಿಂದ ಕೆಲಸ ಮಾಡಿಸ್ಕೊಂಡು ಮುಗಿದ ಕೂಡಲೇ ಕೊಲ್ಲಿಸ್ತಾಳೆ. ಆದ್ರೆ ಯಾಕೆ ಹೀಗೆ ಮಾಡ್ತಾಳೆ ಅಂತ ನೋಡುವವರಿಗೆ ಗೊತ್ತಿರ್ತದೆ, ಒಪ್ಪದಿದ್ರೂ ಗೊತ್ತಿರ್ತದೆ. ಹದಿನೈದು ವರ್ಷ ಹೀಗೇ ನಡೀತು. ಆಮೇಲೆ 2018ರಲ್ಲಿ ಟೆಲ್‌ಡ್ರಾಸಿಲ್ ಅನ್ನೋ ಹೆಮ್ಮರಕ್ಕೆ, ಅಂದ್ರೆ ಒಂದು ಇಡೀ ಜನಾಂಗದ ಊರನ್ನೇ ಹೊತ್ತು ನಿಂತ ಮರಕ್ಕೆ, ಬೆಂಕಿ ಹಚ್ಚಿ ಅಂತ ಇವಳೇ ಅಪ್ಪಣೆ ಕೊಡ್ತಾಳೆ. ಯುದ್ಧ ಆವಾಗ ಬಹುಪಾಲು ಗೆದ್ದಾಗಿದೆ, ಒಳಗಿರೋದು ಜನಸಾಮಾನ್ಯರು. ಅಲ್ಲಿಂದ ಅವಳು ವಿಲನ್, 2021ರ ಹೊತ್ತಿಗೆ ಆಡುವವರೆಲ್ಲ ಗುಂಪು ಕಟ್ಕೊಂಡು ಹೋಗಿ ಸೋಲಿಸಬೇಕಾದ ಕೊನೇ ಬಾಸ್.

ಈ ತಿರುವನ್ನ ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಹೇಳಬೇಕು. ಅದೇ ಆಗ್ತಾ ಇಲ್ಲ.

ನಾಮಪದಗಳ ಜಗಳ ಬೇಗ ಮುಗೀತು. ‘ಖಳನಾಯಕಿ’ ಧಾರಾವಾಹಿಯ ಅತ್ತೆಯನ್ನ ನೆನಪಿಸ್ತದೆ. ‘ಪ್ರತಿನಾಯಕಿ’ ಶಾಸ್ತ್ರದ ಮಾತು, ಅಲಂಕಾರಶಾಸ್ತ್ರದಲ್ಲಿ ಪ್ರತಿನಾಯಕ ಅಂದ್ರೆ ಲುಬ್ಧ, ಧೀರೋದ್ಧತ, ಪಾಪ ಮಾಡುವವ ಅಂತೆಲ್ಲ ಲಕ್ಷಣ ಹೇಳಿದ್ದಾರೆ, ಗೇಮ್ ಆಡುವ ಹುಡುಗರ ಕಿವಿಗೆ ಅದು ಬೀಳ್ಲಿಕ್ಕಿಲ್ಲ. ‘ವಿಲನ್’ ಅಂತಲೇ ಇಟ್ಟೆವು, ಗಂಡಿಗೂ ಹೆಣ್ಣಿಗೂ ಆಗ್ತದೆ, ಎಲ್ಲರಿಗೂ ಗೊತ್ತು.

‘ಗ್ರೇ’ ಸ್ವಲ್ಪ ಕಷ್ಟ. ಸಿನಿಮಾ ಪುಟಗಳಲ್ಲಿ ‘ಗ್ರೇ ಶೇಡ್ ಇರೋ ಪಾತ್ರ’ ಅಂತ ಧಾರಾಳ ಬರೀತಾರೆ, ನಂಗೆ ಅದಕ್ಕೆ ತಕರಾರಿಲ್ಲ. ‘ಬೂದು ಪಾತ್ರ’ ಅಂದ್ರೆ ಮಾತ್ರ ತಕರಾರುಂಟು. ಬೂದು ಅಂದ ಕೂಡಲೇ ಬೂದಿ, ಬೂದಿ ಅಂದ ಕೂಡಲೇ ಬೂದಿ ಮುಚ್ಚಿದ ಕೆಂಡ, ಅಲ್ಲಿಗೆ ಅವಳು ಒಳಗೊಳಗೇ ಮೊದಲಿನಿಂದ ಸುಡುವವಳೇ ಆಗಿದ್ಲು, ಮೇಲೆ ಮುಚ್ಚಿಕೊಂಡಿತ್ತು ಅಷ್ಟೇ ಅಂತ ಆಗ್ತದೆ. ಗ್ರೇ ಅನ್ನೋದ್ರಲ್ಲಿ ಮುಚ್ಚಿಕೊಂಡದ್ದು ಏನೂ ಇಲ್ಲ, ಒಳ್ಳೇದು ಕೆಟ್ಟದ್ದು ಎರಡೂ ಎದುರಿಗೇ ಕಾಣ್ತಾ ಇರ್ತದೆ. ಸದ್ಯಕ್ಕೆ ‘ಒಳಿತು ಕೆಡುಕು ಬೆರೆತ ಪಾತ್ರ’ ಅಂತ ಬರ್ದಿದ್ದೇನೆ, ಉದ್ದ ಆಯ್ತು, ಆದ್ರೆ ಸುಳ್ಳು ಹೇಳಿದ ಹಾಗೆ ಆಗೋದಿಲ್ಲ.

ನಿಜವಾದ ಸಮಸ್ಯೆ ಕ್ರಿಯಾಪದದ್ದು. ತಮ್ಮ ಮೊದಲು ಬರೆದ ವಾಕ್ಯ, ‘ಕೊನೆಗೂ ಸಿಲ್ವಾನಸ್ ಬಣ್ಣ ಬಯಲಾಯ್ತು’. ಕೇಳ್ಲಿಕ್ಕೆ ಚೆಂದ, ಆದ್ರೆ ನಾನು ಒಪ್ಪಲಿಲ್ಲ, ಯಾಕಂದ್ರೆ ಇದು ಕೆಂಡದ ಕಥೆಯೇ ಮತ್ತೆ. ನಮ್ಮ ಪುತ್ತೂರು ಕಡೆಯ ಯಕ್ಷಗಾನ ಆಟದಲ್ಲಿ ಮಾಯಾ ಶೂರ್ಪನಖಿ ಚೆಂದದ ಹೆಣ್ಣಾಗಿ ಕುಣಿದು ಹೋಗ್ತಾಳೆ, ಆಮೇಲೆ ಅದೇ ಶೂರ್ಪನಖಿ ಹೆಣ್ಣುಬಣ್ಣ ಅನ್ನೋ ರಕ್ಕಸಿ ವೇಷವಾಗಿ ಅಬ್ಬರಿಸಿಕೊಂಡು ಬರ್ತಾಳೆ, ಬೇರೆ ವೇಷಧಾರಿ, ಬೇರೆ ಮುಖವರ್ಣಿಕೆ. ಅಲ್ಲಿ ಬಣ್ಣ ಬಯಲಾಯ್ತು ಅನ್ನಬಹುದು, ರಕ್ಕಸಿಯೇ ನಿಜ, ಹೆಣ್ಣು ಮಾಯೆ. ಸಿಲ್ವಾನಸ್ ವಿಷಯದಲ್ಲಿ ಊರು ಕಾದವಳೂ ನಿಜ, ಮರ ಸುಟ್ಟವಳೂ ನಿಜ.

ಹಾಗಾದ್ರೆ ‘ಕೆಟ್ಟಳು’ ಅನ್ನಬಹುದಾ? ‘ಕೆಡು’ ನಂಗೆ ತುಂಬ ಇಷ್ಟದ ಧಾತು. ಹಾಲು ಕೆಡ್ತದೆ, ಹೊಟ್ಟೆ ಕೆಡ್ತದೆ, ದೀಪ ಕೆಡಿಸ್ತೇವೆ, ‘ಕೆಟ್ಟು ಪಟ್ಟಣ ಸೇರು’ ಅಂದಾಗ ಕೆಟ್ಟವನು ದುಷ್ಟ ಅಲ್ಲ, ಇದ್ದದ್ದನ್ನ ಕಳ್ಕೊಂಡವನು. ಅಂದ್ರೆ ಕೇಡು ಅನ್ನೋದು ಮೊದಲು ತನಗೆ ಆಗುವಂಥದ್ದು, ಆಮೇಲೆ ಇನ್ನೊಬ್ಬರಿಗೆ ಮಾಡುವಂಥದ್ದು. ಕೊಲೆಯಾಗಿ, ಪ್ರೇತವಾಗಿ, ಅಡಿಯಾಳಾದ ಪಾತ್ರಕ್ಕೆ ಇದಕ್ಕಿಂತ ಸರಿಯಾದ ಮಾತುಂಟಾ? ಆರ್ಥಾಸ್ ಬಗ್ಗೆ ‘ಅವನು ಕೆಟ್ಟ’ ಅಂತ ಬರೆದಾಗ ಎಲ್ಲ ಸರಿಯಾಗೇ ಇತ್ತು. ‘ಸಿಲ್ವಾನಸ್ ಕೆಟ್ಟಳು’ ಅಂತ ಬರೆದು ಗಟ್ಟಿಯಾಗಿ ಓದಿದೆ, ನಂಗೇ ಮುಜುಗರ ಆಯ್ತು. ಹೆಣ್ಣಿಗೆ ಸೇರಿದ ಕೂಡಲೇ ‘ಕೆಟ್ಟಳು’, ‘ಕೆಟ್ಟುಹೋದವಳು’ ಅನ್ನೋದು ಶೀಲದ ಮಾತಾಗ್ತದೆ, ಹಳ್ಳಿ ಬಾವಿಕಟ್ಟೆಯ ಮಾತಾಗ್ತದೆ. ಇಷ್ಟು ಒಳ್ಳೆಯ ಧಾತು ಹೆಣ್ಣಿನ ರೂಪದಲ್ಲಿ ಇಷ್ಟು ಕಿರಿದಾದದ್ದು ನಂಗೆ ನಿಜಕ್ಕೂ ಬೇಸರ.

‘ಪಾತ್ರ ಕೆಡಿಸಿದ್ರು’ ಅಂದ್ರೆ ಬೇರೆಯೇ ಜಗಳ, ಬರವಣಿಗೆ ಹಾಳು ಮಾಡಿದ್ರು ಅಂತ ಅರ್ಥ. ಅದು ನನ್ನ ಅಭಿಪ್ರಾಯವೂ ಹೌದು, ಆದ್ರೆ ಕಥೆ ಹೇಳೋ ವಾಕ್ಯದಲ್ಲಿ ವಿಮರ್ಶೆ ನುಸುಳಬಾರದು. ‘ಅವಳನ್ನ ವಿಲನ್ ಮಾಡಿದ್ರು’ ಅಂದ್ರೆ ಮನೆಜಗಳದಲ್ಲಿ ನಾವು ‘ಕೊನೆಗೆ ನನ್ನನ್ನೇ ವಿಲನ್ ಮಾಡಿಬಿಟ್ರಿ’ ಅಂತೇವಲ್ಲ ಹಾಗೆ, ತಪ್ಪು ಮಾಡದವಳ ತಲೆಗೆ ಕಟ್ಟಿದ ಹಾಗೆ ಕೇಳ್ತದೆ. ಮರ ಸುಟ್ಟದ್ದು ಸುಟ್ಟದ್ದೇ. ‘ವಿಲನ್ ಆದಳು’ ಅಂದ್ರೆ ತಾನಾಗೇ ಆದಳು, ಹಣ್ಣು ಕಾಯಿಯಿಂದ ಆದ ಹಾಗೆ. ಮೂರೂ ಒಂದೊಂದು ತೀರ್ಪು ಕೊಟ್ಟುಬಿಡ್ತವೆ.

ಇದನ್ನೆಲ್ಲ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನ ಹತ್ರ ಹೇಳಿದೆ, ಅವರು ತಾಳಮದ್ದಳೆಯಲ್ಲಿ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನದಲ್ಲಿ, ಅರ್ಥ ಹೇಳುವವರು (ಪಾತ್ರವೇ ಆಗಿ ತನ್ನ ಪರ ಆಡೋ ಮಾತಿಗೆ ಅಲ್ಲಿ ಅರ್ಥ ಅಂತಾರೆ), ಗೇಮ್ ಕಂಡವರಲ್ಲ. ಪೂರ್ತಿ ಕಥೆ ಕೇಳಿ ಒಂದೇ ಪ್ರಶ್ನೆ ಕೇಳಿದ್ರು, ‘ಮರಕ್ಕೆ ಬೆಂಕಿ ಯಾಕೆ ಹಾಕಿದ್ದು ಅಂತ ಅವಳು ಹೇಳ್ತಾಳಾ?’ ಇಲ್ಲ, ಆವಾಗ ಸರಿಯಾಗಿ ಹೇಳೋದಿಲ್ಲ, ಸಾವಿನ ಲೋಕದ ಇನ್ನೊಬ್ಬನ ಜೊತೆ ಮಾಡ್ಕೊಂಡ ಒಪ್ಪಂದ ಅಂತ ಹೊರಗೆ ಬಂದದ್ದು 2020ರ ಕೊನೆಗೆ ಬಂದ ಶ್ಯಾಡೋಲ್ಯಾಂಡ್ಸ್ ಭಾಗದಲ್ಲಿ ಅಂದೆ. ‘ಹಾಗಾದ್ರೆ ಅವಳಿಗೆ ಅರ್ಥ ಹೇಳ್ಲಿಕ್ಕೇ ಬಿಡ್ಲಿಲ್ಲ ಮಾರಾಯ್ತಿ, ಕೌರವನಿಗೂ ವಾಲಿಗೂ ನಾವು ಬಿಡ್ತೇವೆ’ ಅಂದ್ರು. ನಂಗೆ ಅಲ್ಲೇ ಹೊಳೀತು, ನಾನು ಹುಡುಕ್ತಾ ಇದ್ದದ್ದು ಇದನ್ನೇ. ಊರು ಸುಟ್ಟದ್ದಕ್ಕಿಂತ ಹೆಚ್ಚಾಗಿ ಎರಡು ವರ್ಷ ಅವಳ ಬಾಯಿಂದ ಅರ್ಥ ಕಿತ್ಕೊಂಡದ್ದೇ ಅವಳನ್ನ ಬರೀ ವಿಲನ್ ಮಾಡಿದ್ದು. ಗ್ಯಾರಿಥೋಸ್‌ನ ಕೊಲ್ಲಿಸಿದಾಗ ನಮಗೆ ಅವಳ ಲೆಕ್ಕಾಚಾರ ಗೊತ್ತಿತ್ತು, ಮರ ಸುಡುವಾಗ ಗೊತ್ತಿರಲಿಲ್ಲ.

ದೊಡ್ಡಪ್ಪನೇ ಇನ್ನೊಂದು ನೆನಪು ಮಾಡಿದ್ರು. ನಾಗಚಂದ್ರನ ರಾಮಾಯಣದಲ್ಲಿ ರಾವಣ ಸೀತೆಗೆ ಮನಸೋತದ್ದನ್ನ ಹೇಳುವಾಗ ಕವಿ ಬಯ್ಯೋದಿಲ್ಲ, ಕಡಲೂ ಒಮ್ಮೊಮ್ಮೆ ಕಾಲವಶದಿಂದ ಮರ್ಯಾದೆ ದಾಟುವುದಿಲ್ಲವೇ ಅಂತಾನೆ. ಮರ್ಯಾದೆ ಅಂದ್ರೆ ಅಲ್ಲಿ ಗೌರವ ಅಲ್ಲ, ಎಲ್ಲೆ, ಮೇರೆ. ಈಗ ‘ಮರ್ಯಾದೆ ಮೀರಿದಳು’ ಅಂದ್ರೆ ದೊಡ್ಡವರಿಗೆ ಎದುರು ಮಾತಾಡಿದಳು ಅಂತ ಆಗ್ತದೆ, ‘ಹದ್ದು ಮೀರಿದಳು’ ಗದರಿಸಿದ ಹಾಗೆ. ‘ಎಲ್ಲೆ ದಾಟಿದಳು’ ಉಳೀತು. ಅದರಲ್ಲಿ ಮೊದಲು ಈಚೆ ಇದ್ದದ್ದೂ ಉಂಟು, ಈಗ ಆಚೆ ಇರೋದೂ ಉಂಟು, ಯಾಕೆ ಅನ್ನೋದನ್ನ ಬಾಯಿ ಮುಚ್ಚಿಸದೆ ಕೇಳುವವರಿಗೆ ಬಿಡ್ತದೆ. ಬರೆದವರ ಕೈವಾಡ ಹೇಳಬೇಕಾದಲ್ಲಿ ಅದೇ ಧಾತುವಿನಿಂದ ‘ಎಲ್ಲೆ ದಾಟಿಸಿದ್ರು’ ಅನ್ನಬಹುದಾ ಅಂತ ನನ್ನ ಯೋಚನೆ.

ಆದ್ರೆ ಒಂದು ಅನುಮಾನ, ಅದಕ್ಕೇ ಈ ಪತ್ರ. ‘ದಾಟಿಸು’ ಅಂದ್ರೆ ನನ್ನ ಕಿವಿಗೆ ಹೊಳೆ ದಾಟಿಸೋ ಅಂಬಿಗ ಬರ್ತಾನೆ, ಕೈ ಹಿಡಿದು ರಸ್ತೆ ದಾಟಿಸೋದು ಬರ್ತದೆ, ಉಪಕಾರದ ವಾಸನೆ. ನಿಮ್ಮ ಕಡೆ, ಮುಖ್ಯವಾಗಿ ಧಾರವಾಡ, ಕಲಬುರಗಿ, ಚಾಮರಾಜನಗರ ಕಡೆಯವರಲ್ಲಿ, ‘ದಾಟಿಸು’ವನ್ನ ಕೆಟ್ಟದ್ದಕ್ಕೆ ನೂಕೋ ಅರ್ಥದಲ್ಲಿ ಬಳಸೋದು ಕೇಳಿದ್ದೀರಾ? ಮತ್ತೆ ‘ಕೆಟ್ಟಳು’ ಅನ್ನೋದು ಶೀಲದ ಸೋಂಕಿಲ್ಲದೆ, ಬರೀ ಹಾಳಾದಳು, ಬದುಕು ಕಳ್ಕೊಂಡಳು ಅನ್ನೋ ಅರ್ಥದಲ್ಲಿ ಈಗಲೂ ಬಾಯಲ್ಲಿ ಓಡಾಡೋ ಊರು ಯಾವುದಾದ್ರೂ ಉಂಟಾ? ಇದ್ರೆ ವಾಕ್ಯಸಮೇತ ಬರೀರಿ, ನಾನು ಅದನ್ನೇ ಧೈರ್ಯವಾಗಿ ಇಟ್ಕೊಳ್ತೇನೆ. ಬರೋ ಭಾನುವಾರ ತಮ್ಮ ದನಿ ರೆಕಾರ್ಡ್ ಮಾಡ್ತಾನೆ, ಅದಕ್ಕೆ ಮೊದಲು ಉತ್ತರ ಸಿಕ್ಕಿದ್ರೆ ಉಪಕಾರ.